ಹಳೇ ಮೈಸೂರು ರಸ್ತೆ, ಬಿಡದಿಯ ತಟ್ಟೆ ಇಡ್ಲಿ: ಬೈಕಿನವರಿಗೆ ಹೇಳಬೇಕಾದ ಮಾತು

ಬೆಂಗಳೂರಿನಿಂದ ಭಾನುವಾರ ಬೆಳಿಗ್ಗೆ ಬೈಕ್‌ನಲ್ಲಿ ತಿಂಡಿಗೆ ಎಲ್ಲಿಗೆ ಹೋಗೋದು ಅಂತ ಯಾರು ಕೇಳಿದರೂ ನಾನು ಹೇಳುವುದು ಬಿಡದಿ. ತಿಂದ ಮೇಲೂ ಬಿಸಿಲು ಏರಿಲ್ಲ, ಇನ್ನೂ ಓಡಿಸುವ ಆಸೆ ಇದೆ ಅಂದರೆ ಮದ್ದೂರು. ನಂದಿ ಬೆಟ್ಟಕ್ಕೆ ಹೋಗುವವರು ಹೋಗಲಿ, ಕತ್ತಲಲ್ಲಿ ಗೇಟಿನ ಮುಂದೆ ಸಾಲು ನಿಲ್ಲುವುದು ನನಗೆ ಹಿಡಿಸುವುದಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯೇ ಮೇಲು ಅನ್ನುವವರ ಜೊತೆ ಜಗಳಕ್ಕೂ ನಿಲ್ಲುವುದಿಲ್ಲ, ಅದೂ ಒಳ್ಳೆಯ ಇಡ್ಲಿಯೇ. ಆದರೆ ತುಮಕೂರು ರಸ್ತೆಯಲ್ಲಿ ನೆಲಮಂಗಲ ದಾಟಿದ ಮೇಲೂ ಲಾರಿಗಳ ಪಕ್ಕದಲ್ಲೇ ಹೋಗಬೇಕು. ಹಳೇ ಮೈಸೂರು ರಸ್ತೆಯಲ್ಲಿ ಈಗ ಬೈಕಿಗೆ ಉಸಿರಾಡಲು ಜಾಗ ಇದೆ.

ಜಾಗ ಆಗಿದ್ದು ಹೇಗೆ ಅಂತ ಗೊತ್ತಲ್ವಾ? 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ನಡುವಿನ ಆರು ಪಥದಲ್ಲಿ ಬೈಕ್, ಆಟೋ, ಟ್ರ್ಯಾಕ್ಟರ್ ಬರುವ ಹಾಗಿಲ್ಲ ಅಂತ ಹೆದ್ದಾರಿ ಪ್ರಾಧಿಕಾರ ಆದೇಶ ಮಾಡಿತು. ನೂರು ಸಿಸಿ ಆದರೂ ಅಷ್ಟೆ, ಸಾವಿರ ಸಿಸಿ ಆದರೂ ಅಷ್ಟೆ, ಎಲ್ಲರೂ ಸರ್ವಿಸ್ ರಸ್ತೆಗೆ ಇಳಿಯಬೇಕು. ಆಗ ನಮ್ಮ ಗುಂಪಿನಲ್ಲಿ ಬೇಸರ ಮಾಡಿಕೊಂಡವರೇ ಜಾಸ್ತಿ. ನನಗೆ ಮಾತ್ರ ಆವತ್ತಿನಿಂದಲೂ ಇದು ಒಳ್ಳೆಯದೇ ಆಯಿತು ಅನ್ನಿಸಿದೆ. ಕಾರುಗಳೆಲ್ಲ ಬೈಪಾಸ್ ಹಿಡಿದು ಬಿಡದಿ, ರಾಮನಗರ, ಚನ್ನಪಟ್ಟಣ ಯಾವ ಊರನ್ನೂ ನೋಡದೆ ಹೋಗುತ್ತವೆ. ನಾವು ಆ ಊರುಗಳ ಒಳಗೇ ಹೋಗುತ್ತೇವೆ. ತಿಂಡಿ ಇರುವುದು ಊರೊಳಗೆ ತಾನೆ?

ನಮ್ಮದು ಸಣ್ಣ ಗುಂಪು. ನಾನು ಬ್ಯಾಂಕಿನಲ್ಲಿ ಕ್ಯಾಷ್ ಕೌಂಟರ್‌ನಲ್ಲಿ ಕೂರುವವಳು, ನನ್ನದು ಕ್ಲಾಸಿಕ್ 350. ನನ್ನ ಜೊತೆ ಕೆಲಸ ಮಾಡುವ ಹುಡುಗಿಯದು ಆಕ್ಟಿವಾ. ಅವಳ ತಮ್ಮನದು ಪಲ್ಸರ್. ಇನ್ನು ನಮ್ಮ ಬೀದಿಯ ಕೊನೆಮನೆಯ ನಿವೃತ್ತ ಮೇಷ್ಟ್ರು ಇದ್ದಾರೆ, ಅವರದು ಯೆಜ್ಡಿ. ಅವರನ್ನು ನಾವೆಲ್ಲ ಯೆಜ್ಡಿ ಸಾರ್ ಅಂತಲೇ ಕರೆಯುವುದು. ಜಾವಾ, ಯೆಜ್ಡಿ ಎರಡೂ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. 1961ರಿಂದ 1996ರವರೆಗೆ ನಡೆದ ಕಾರ್ಖಾನೆ ಅದು. ಹಾಗಾಗಿ ಮೈಸೂರು ರಸ್ತೆಗೆ ಗಾಡಿ ಇಳಿಸಿದಾಗಲೆಲ್ಲ ಸಾರ್ ಮುಖದಲ್ಲಿ ಒಂದು ಕಳೆ ಬರುತ್ತದೆ, ಗಾಡಿಯನ್ನು ತವರಿನ ದಾರಿಗೆ ಬಿಟ್ಟ ಹಾಗೆ. ಆ ಗಾಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್, ಮುಂದಕ್ಕೆ ಮಡಚಿದರೆ ಗೇರ್. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಚಳಿಗಾಲದ ಬೆಳಿಗ್ಗೆ ಎರಡು ಸೈಲೆನ್ಸರ್‌ನಿಂದಲೂ ಬಿಳಿ ಹೊಗೆ ಬಂದು, ಆ ಆಯಿಲ್ ವಾಸನೆ ಮೂಗಿಗೆ ಬಡಿದಾಗ ನನಗೆ ಭಾನುವಾರ ಶುರುವಾಯಿತು ಅನ್ನಿಸುತ್ತದೆ.

ಮುಂದೆ ಹೋಗುವುದು ಆಕ್ಟಿವಾ. ಗುಂಪಿನಲ್ಲಿ ಓಡಿಸುವವರು ಇದೊಂದನ್ನು ದಯವಿಟ್ಟು ಪಾಲಿಸಿ. ಚಿಕ್ಕ ಗಾಡಿ ಮುಂದೆ, ಅನುಭವ ಇರುವವರು ಕೊನೆಗೆ. ಚಿಕ್ಕ ಗಾಡಿಯನ್ನು ಹಿಂದೆ ಬಿಟ್ಟರೆ ಅವರು ನಮ್ಮನ್ನು ಹಿಡಿಯಲು ಹೋಗಿ ಸುಮ್ನೆ ಗಾಬರಿಯಲ್ಲಿ ಓಡಿಸುತ್ತಾರೆ. ಗಂಟೆಗೆ 50–55ರಲ್ಲಿ ಹೋದರೂ ಬಿಡದಿ ಒಂದು ಗಂಟೆಯೊಳಗೆ ಸಿಗುತ್ತದೆ. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು, ಕರ್ನಾಟಕದಲ್ಲಿ ಇದು 2016ರಿಂದಲೇ ಕಡ್ಡಾಯ. ತಿಂಡಿಗೆ ತಾನೇ ಹೋಗ್ತಿರೋದು ಅಂತ ಚಪ್ಪಲಿ ಹಾಕಿಕೊಂಡು ಬರುವವರನ್ನು ನಾವು ಕರೆದುಕೊಂಡು ಹೋಗುವುದಿಲ್ಲ.

ನಾಯಂಡಹಳ್ಳಿಯಿಂದ ಕೆಂಗೇರಿ ದಾಟುವವರೆಗೆ ಮೆಟ್ರೋ ಕಂಬಗಳ ಪಕ್ಕದ ರಸ್ತೆ. ಅಲ್ಲಿ ಹೇಳುವಂಥದ್ದು ಏನೂ ಇಲ್ಲ, ಆರು ಗಂಟೆಗೆ ಮುಂಚೆ ದಾಟಿಬಿಡಿ. ಚಲ್ಲಘಟ್ಟ, ಕುಂಬಳಗೋಡು ಆದ ಮೇಲೆ ಎಕ್ಸ್‌ಪ್ರೆಸ್‌ವೇಗೆ ಏರುವ ದಾರಿ ಕಾಣುತ್ತದೆ. ಎಡಕ್ಕೇ ಇರಿ, ಮೇಲಕ್ಕೆ ಏರಬೇಡಿ. ಹೊಸದಾಗಿ ಬರುವವರು ಮ್ಯಾಪ್ ನಂಬಿಕೊಂಡು ಏರಿಬಿಡುತ್ತಾರೆ. ಮ್ಯಾಪ್‌ನಲ್ಲಿ ಕಾರಿನ ಚಿತ್ರ ತೆಗೆದು ಬೈಕಿನ ಚಿತ್ರ ಆರಿಸಿಕೊಳ್ಳಿ. ಬಿಡದಿ ಹತ್ತಿರ ಬೈಪಾಸ್ ಒಂದು ಕಡೆ ಹೋಗುತ್ತದೆ, ಹಳೇ ರಸ್ತೆ ಊರೊಳಕ್ಕೆ ಹೋಗುತ್ತದೆ. ಊರೊಳಕ್ಕೆ ಹೋಗಿ.

ಈಗ ಇಡ್ಲಿಯ ವಿಷಯ.

ಬಿಡದಿಯಲ್ಲಿ ತಟ್ಟೆ ಇಡ್ಲಿ ಅಂದರೆ ಒಂದು ಹೋಟೆಲ್ ಅಲ್ಲ. ರಸ್ತೆಯ ಉದ್ದಕ್ಕೂ ಸಾಲಾಗಿ ಇವೆ. ರೇಣುಕಾಂಬದಂಥ ಹೆಸರು ಬೆಂಗಳೂರಿನವರಿಗೆಲ್ಲ ಗೊತ್ತು. ಬೋರ್ಡೇ ಸರಿಯಾಗಿ ಕಾಣದ ಅಂಗಡಿಗಳೂ ಇವೆ. ಹಾಗಾಗಿ ನಾನು ಬರೆಯುತ್ತಿರುವುದು ಒಂದು ಹೋಟೆಲಿನ ಬಗ್ಗೆ ಅಲ್ಲ, ಈ ಸಾಲಿನ ಬಗ್ಗೆ. ಇಲ್ಲಿ ಒಳ್ಳೆಯ ಇಡ್ಲಿ ಸಿಗುತ್ತದಾ ಇಲ್ವಾ ಅನ್ನುವುದು ಹೋಟೆಲಿನ ಹೆಸರಿಗಿಂತ ಹೆಚ್ಚಾಗಿ ನೀವು ಹೋದ ಹೊತ್ತಿಗೆ ಅಲ್ಲಿ ಒಲೆಯ ಮೇಲೆ ಏನಾಗುತ್ತಿದೆ ಅನ್ನುವುದರ ಮೇಲೆ ನಿಂತಿದೆ. ನಾನು ಗಾಡಿ ನಿಲ್ಲಿಸುವ ಮುಂಚೆ ನಿಧಾನಕ್ಕೆ ಒಂದು ಸುತ್ತು ನೋಡಿಕೊಂಡು ಹೋಗುತ್ತೇನೆ. ಇಡ್ಲಿ ಬೇಯಿಸುವ ಜಾಗ ಹೊರಗೆ ಕಾಣಬೇಕು. ಆವಿ ಏಳುತ್ತಿರಬೇಕು. ಬೆಂದ ಇಡ್ಲಿ ರಾಶಿ ಬಿದ್ದಿರಬಾರದು, ತೆಗೆದದ್ದು ತೆಗೆದ ಹಾಗೆ ಖಾಲಿ ಆಗುತ್ತಿರಬೇಕು. ತಟ್ಟೆ ಇಡ್ಲಿ ಹೊರಗೆ ಬಂದು ಹತ್ತು ನಿಮಿಷ ಕಳೆದರೆ ಅದರ ಕಥೆ ಮುಗಿಯಿತು. ಮೇಲ್ಮೈ ಒಣಗಿ ಅಂಚು ಗಟ್ಟಿಯಾಗುತ್ತದೆ. ಸಣ್ಣ ಇಡ್ಲಿ ಹಾಟ್‌ಬಾಕ್ಸಿನಲ್ಲಿ ಸ್ವಲ್ಪ ಹೊತ್ತು ತಡೆಯುತ್ತದೆ, ಇದು ತಡೆಯುವುದಿಲ್ಲ. ಅಗಲ ಜಾಸ್ತಿ ಅಲ್ವಾ, ಬಿಸಿ ಬೇಗ ಬಿಟ್ಟುಕೊಡುತ್ತದೆ.

ನಾವು ಸಾಮಾನ್ಯವಾಗಿ ಕೂರುವ ಹೋಟೆಲಿನಲ್ಲಿ ಬೇಯಿಸುವವರು ಬಾಗಿಲಿನ ಪಕ್ಕದಲ್ಲೇ ನಿಲ್ಲುತ್ತಾರೆ. ನನಗೆ ಅದನ್ನು ನೋಡುತ್ತಾ ನಿಲ್ಲುವುದು ಇಷ್ಟ. ಊಟದ ತಟ್ಟೆಗಿಂತ ಚಿಕ್ಕದಾದ, ಅಂಚು ಸ್ವಲ್ಪ ಎದ್ದಿರುವ ತಟ್ಟೆಗಳು. ತಳದಲ್ಲಿ ಸಣ್ಣ ಸಣ್ಣ ತೂತು. ಒಂದೊಂದರ ಮೇಲೂ ಒದ್ದೆ ಬಿಳಿ ಬಟ್ಟೆ. ಬಕೆಟ್ಟಿನಿಂದ ಸೌಟಿನಲ್ಲಿ ಹಿಟ್ಟು ತೆಗೆದು ನಡುಭಾಗಕ್ಕೆ ಸುರಿಯುತ್ತಾರೆ, ಅಷ್ಟೆ. ಸೌಟಿನಿಂದ ಹರಡುವುದಿಲ್ಲ, ತಟ್ಟೆಯನ್ನು ಒಮ್ಮೆ ಅಲ್ಲಾಡಿಸುತ್ತಾರೆ. ಹಿಟ್ಟು ತಾನೇ ಅಂಚಿಗೆ ಹೋಗಿ ನಿಲ್ಲುತ್ತದೆ. ನಡುವೆ ಒಂದು ಬೆರಳು ದಪ್ಪ, ಅಂಚಿಗೆ ಬಂದಾಗ ತೆಳು. ತಟ್ಟೆಗಳನ್ನು ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ಸೇರಿಸಿ, ಎತ್ತರದ ಪಾತ್ರೆಯೊಳಗೆ ಇಳಿಸಿ ಮುಚ್ಚಳ ಹಾಕುತ್ತಾರೆ. ತೆಗೆಯುವಾಗ ಆವಿ ಅವರ ಮುಖವನ್ನೇ ಮುಚ್ಚುತ್ತದೆ. ತಟ್ಟೆಯನ್ನು ಬಾಳೆಲೆಯ ಮೇಲೆ ಬೋರಲು ಹಾಕಿ, ಬಟ್ಟೆಯ ಮೇಲೆ ಎರಡು ಹನಿ ನೀರು ಚಿಮುಕಿಸಿ, ಒಂದು ಮೂಲೆಯಿಂದ ಬಟ್ಟೆಯನ್ನು ಸರಕ್ಕನೆ ಎಳೆಯುತ್ತಾರೆ. ಇಡ್ಲಿಯ ಮೇಲೆ ಬಟ್ಟೆಯ ನೇಯ್ಗೆಯ ಗುರುತು ಉಳಿದಿರುತ್ತದೆ. ಆ ಗೆರೆಗಳು ಇನ್ನೂ ತೇವವಾಗಿ ಹೊಳೆಯುತ್ತಿರುವಾಗಲೇ ನಿಮ್ಮ ಮುಂದೆ ಬಂದರೆ ನೀವು ಸರಿಯಾದ ಹೋಟೆಲಿಗೆ ಬಂದಿದ್ದೀರಿ.

ಹಿಟ್ಟಿಗೆ ಏನು ಹಾಕುತ್ತೀರಿ ಅಂತ ಒಮ್ಮೆ ಕೇಳಿದೆ. ಅಕ್ಕಿ, ಉದ್ದಿನ ಬೇಳೆ, ಜೊತೆಗೆ ನೆನೆಸಿದ ಅವಲಕ್ಕಿ ಅಂದರು. ಕೆಲವರು ಅವಲಕ್ಕಿ ಬದಲು ಸಬ್ಬಕ್ಕಿ ಹಾಕುತ್ತಾರೆ. ಹಳಬರ ಮನೆಗಳಲ್ಲಿ ಹರಳು ಬೀಜ ಸೇರಿಸಿ ರುಬ್ಬುವುದೂ ಇತ್ತು. ಇಷ್ಟು ಅಗಲದ ಇಡ್ಲಿ ಮೆತ್ತಗೆ ಬರಬೇಕಾದರೆ ಬರೀ ಉದ್ದು ಸಾಲುವುದಿಲ್ಲ. "ಚಳಿಗಾಲ ಬಂದ್ರೆ ಹಿಟ್ಟು ಬೇಗ ಹುಳಿ ಬರಲ್ಲ ಅಕ್ಕ, ರಾತ್ರಿ ಒಲೆ ಪಕ್ಕ ಇಟ್ಟು ಕಂಬಳಿ ಹೊದಿಸ್ತೀವಿ" ಅಂತ ಅವರೇ ಹೇಳಿದರು. ಈ ಕಷ್ಟ ಪಡಲು ಇಷ್ಟವಿಲ್ಲದವರು ಸೋಡಾ ಜಾಸ್ತಿ ಹಾಕುತ್ತಾರೆ. ಅದನ್ನು ಬಾಯಿ ತಕ್ಷಣ ಹಿಡಿಯುತ್ತದೆ. ಇಡ್ಲಿ ಉಬ್ಬಿರುತ್ತದೆ, ಮುರಿದರೆ ಒಳಗೆ ದೊಡ್ಡ ದೊಡ್ಡ ತೂತು, ನಾಲಿಗೆಯ ಮೇಲೆ ಸೋಪಿನ ಹಾಗೆ ಒಂದು ರುಚಿ. ಸರಿಯಾಗಿ ಹುಳಿ ಬಂದ ಹಿಟ್ಟಿನ ಇಡ್ಲಿಯಲ್ಲಿ ತೂತುಗಳು ಚಿಕ್ಕವು, ಒಂದೇ ಅಳತೆಯವು. ಬೆರಳಿನಲ್ಲಿ ಒತ್ತಿ ಬಿಟ್ಟರೆ ಮೇಲೆ ಬರುತ್ತದೆ.

ಬೆಣ್ಣೆ ಹಾಕಿಸಿಕೊಳ್ಳಿ. ಹಳದಿ ಪ್ಯಾಕೆಟ್ ಬೆಣ್ಣೆ ಅಲ್ಲ, ಬಿಳಿ ಬೆಣ್ಣೆ. ಒಂದು ಗೋಲಿ ಗಾತ್ರದ್ದು ನಡುವೆ ಇಟ್ಟು ಕೊಡುತ್ತಾರೆ. ಇಟ್ಟ ಕೂಡಲೇ ತಿನ್ನಬೇಡಿ, ಅದು ಕರಗಿ ನೇಯ್ಗೆಯ ಗೆರೆಗಳೊಳಗೆ ಇಳಿಯಲಿ. ಅರ್ಧ ನಿಮಿಷ ಸಾಕು. ಚಟ್ನಿ ಕಾಯಿಯದ್ದು, ಹುರಿಗಡಲೆ ಇದ್ದರೂ ಕಾಯಿ ಮುಂದೆ ಇರಬೇಕು, ಹಸಿಮೆಣಸಿನಕಾಯಿ ಕೊನೆಗೆ ಗಂಟಲಲ್ಲಿ ಗೊತ್ತಾಗಬೇಕು. ನಮ್ಮ ಹೋಟೆಲಿನ ಚಟ್ನಿ ನೀರಾಗಿರುವುದಿಲ್ಲ, ಇಡ್ಲಿಯ ಮೇಲೆ ಹಾಕಿದರೆ ಅಲ್ಲೇ ಕೂರುತ್ತದೆ. ಸಾಂಬಾರ್ ಕೇಳಿದರೆ ಕೊಡುತ್ತಾರೆ, ಆದರೆ ನಾನು ಕೇಳುವುದಿಲ್ಲ. ಬೆಣ್ಣೆ ಮತ್ತು ಚಟ್ನಿ ಸೇರಿದ ಮೇಲೆ ಸಾಂಬಾರ್ ಹೊಯ್ದರೆ ಎಲ್ಲ ಕಲಸಿಹೋಗುತ್ತದೆ. ಯೆಜ್ಡಿ ಸಾರ್ ಇದಕ್ಕೆ ಒಪ್ಪುವುದಿಲ್ಲ, ಅವರಿಗೆ ಸಾಂಬಾರ್ ಬೇಕೇ ಬೇಕು, ಜೊತೆಗೆ ಒಂದು ಉದ್ದಿನ ವಡೆ. ಅವರವರ ಇಷ್ಟ.

ಎಷ್ಟು ತಿನ್ನಬಹುದು? ಹಸಿದ ಹೊಟ್ಟೆಗೆ ಎರಡು. ಪಲ್ಸರ್ ಹುಡುಗ ಮೂರು ತಿಂದು ವಡೆಯನ್ನೂ ಮುಗಿಸುತ್ತಾನೆ. ಎರಡನ್ನೂ ಒಟ್ಟಿಗೇ ಹಾಕಿಸಿಕೊಳ್ಳಬೇಡಿ. ಒಂದು ಮುಗಿಸಿ ಇನ್ನೊಂದು ಹೇಳಿ. ಒಂದರ ಮೇಲೊಂದು ಬಂದರೆ ಕೆಳಗಿನದ್ದು ಬೆವರುತ್ತದೆ, ಅಂಟುತ್ತದೆ. ಬಡಿಸುವ ಹುಡುಗರಿಗೆ ಇದನ್ನು ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ. "ಬಿಸಿದು ಇಳಿಸ್ತಾವ್ರೆ, ಎರಡೇ ನಿಮಿಷ ಕೂತ್ಕೊಳ್ಳಿ ಅಕ್ಕ" ಅನ್ನುತ್ತಾರೆ. ಆ ಎರಡು ನಿಮಿಷ ಕಾಯುವುದಕ್ಕೇ ನಾವು ಇಷ್ಟು ದೂರ ಬಂದಿರುವುದು.

ಕಾಫಿ ಬಗ್ಗೆ ಹೆಚ್ಚು ಹೇಳಲಾರೆ. ಸಿಹಿ ಜಾಸ್ತಿ, ಚಿಕೋರಿಯೂ ಜಾಸ್ತಿ. ಸಕ್ಕರೆ ಕಮ್ಮಿ ಅಂತ ಮೊದಲೇ ಹೇಳಿ. ಕೈ ತಣ್ಣಗಾಗಿರುವ ಡಿಸೆಂಬರ್ ಬೆಳಿಗ್ಗೆಗೆ ಅದೂ ಹಿತವೇ. ದುಡ್ಡಿನ ವಿಷಯದಲ್ಲಿ ಈ ಸಾಲನ್ನು ಮೆಚ್ಚಲೇಬೇಕು. ಇಬ್ಬರು ಹೊಟ್ಟೆ ತುಂಬಾ ತಿಂದು, ಕಾಫಿ ಕುಡಿದು, 200 ರೂಪಾಯಿ ಆಸುಪಾಸಿನಲ್ಲಿ ಏಳಬಹುದು. ಬೆಂಗಳೂರಿನಲ್ಲಿ ಈಗ ಆ ದುಡ್ಡಿಗೆ ಕೆಲವು ಕಡೆ ಒಂದು ಮಸಾಲೆ ದೋಸೆ, ಒಂದು ಕಾಫಿ ಬಂದರೆ ಹೆಚ್ಚು.

ಗಾಡಿ ನಿಲ್ಲಿಸುವುದು ಏಳೂವರೆವರೆಗೆ ಸುಲಭ. ಆಮೇಲೆ ಗುಂಪುಗಳು ಬರಲು ಶುರು. ಹೋಟೆಲಿನ ಮುಂದೆ ಮಣ್ಣಿನ ಜಾಗ, ಮಳೆ ಬಂದಿದ್ದರೆ ಸೈಡ್ ಸ್ಟ್ಯಾಂಡ್ ಇಳಿದುಬಿಡುತ್ತದೆ. ನನ್ನ ಗಾಡಿ ಇನ್ನೂರು ಕೆ.ಜಿ.ಗೆ ಹತ್ತಿರ, ಬಿದ್ದರೆ ಒಬ್ಬಳೇ ಎತ್ತುವುದು ಕಷ್ಟ. ಅದಕ್ಕೇ ಸೈಡ್ ಸ್ಟ್ಯಾಂಡಿನ ಕೆಳಗೆ ಇಡಲು ಒಂದು ಚಪ್ಪಟೆ ಮರದ ತುಂಡು ಬ್ಯಾಗಿನಲ್ಲೇ ಇಟ್ಟಿರುತ್ತೇನೆ. ಹೆಲ್ಮೆಟ್‌ಗಳನ್ನು ಊಟದ ಟೇಬಲ್ ಮೇಲೆ ಇಡಬೇಡಿ. ಕೂರಲು ಜಾಗವಿಲ್ಲದೆ ನಿಂತಿರುವವರು ಇರುತ್ತಾರೆ. ಅವರಲ್ಲಿ ಬಿಡದಿಯ ಕಾರ್ಖಾನೆಗಳಿಗೆ ಶಿಫ್ಟ್‌ಗೆ ಹೋಗುವವರೂ ಇರುತ್ತಾರೆ, ನಮ್ಮ ಹಾಗೆ ಅವರಿಗೆ ಪುರುಸೊತ್ತು ಇಲ್ಲ.

ಇನ್ನು ಹೆಂಗಸರಿಗೆ ಮುಖ್ಯವಾದ ವಿಷಯ. ಇದನ್ನು ಯಾರೂ ಬರೆಯುವುದಿಲ್ಲ, ಅದಕ್ಕೇ ನಾನು ಬರೆಯುತ್ತೇನೆ. ತಿಂಡಿ ಎಷ್ಟೇ ಚೆನ್ನಾಗಿರಲಿ, ಟಾಯ್ಲೆಟ್ ಇಲ್ಲದ ಜಾಗಕ್ಕೆ ನಾನು ಹೊಸಬರನ್ನು ಕರೆದುಕೊಂಡು ಹೋಗುವುದಿಲ್ಲ. ಐದೂವರೆಗೆ ಮನೆ ಬಿಟ್ಟವಳು ಹನ್ನೊಂದಕ್ಕೆ ವಾಪಸ್ ಬರುವವರೆಗೆ ನೀರೇ ಕುಡಿಯದೆ ಗಾಡಿ ಓಡಿಸುವುದು ಎಂಥ ಶಿಕ್ಷೆ ಅಂತ ಓಡಿಸಿದವರಿಗೆ ಗೊತ್ತು. ಈ ರಸ್ತೆಯ ಒಂದು ಹೋಟೆಲಿನಲ್ಲಿ ಕೇಳಿದಾಗ ಬೀಗದ ಕೈ ಇಲ್ಲ ಅಂದರು. ಇನ್ನೊಂದು ಕಡೆ ಬಾಗಿಲಿಗೆ ಚಿಲಕವೇ ಇರಲಿಲ್ಲ, ನನ್ನ ಗೆಳತಿ ಹೊರಗೆ ನಿಂತು ಬಾಗಿಲು ಹಿಡಿದುಕೊಂಡಳು. ಹೊರಗೆ ಹೊಸ ಟೈಲ್ಸ್, ಹೊಸ ದೀಪ ಹಾಕಿಸಲು ದುಡ್ಡು ಇದೆ, ಒಂದು ಚಿಲಕಕ್ಕೆ ಇಲ್ಲ. ನಾವೀಗ ಕೂರುವ ಹೋಟೆಲಿನಲ್ಲಿ ಹಿಂದುಗಡೆ ಇದೆ. ಚಿಕ್ಕದು, ಆದರೆ ನೀರು ಬರುತ್ತದೆ, ಚಿಲಕ ಇದೆ, ಬೆಳಿಗ್ಗೆ ತೊಳೆದಿರುತ್ತಾರೆ. ನಾವು ಪದೇ ಪದೇ ಅಲ್ಲಿಗೇ ಹೋಗುವುದಕ್ಕೆ ಚಟ್ನಿ ಅರ್ಧ ಕಾರಣ, ಇದು ಇನ್ನರ್ಧ. ಹೋಟೆಲ್ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ. ಬೈಕ್ ಓಡಿಸುವ ಹೆಂಗಸರು ಈಗ ತುಂಬಾ ಜನ ಇದ್ದಾರೆ. ನಾವು ಒಬ್ಬರಿಗೊಬ್ಬರು ಜಾಗ ಹೇಳಿಕೊಳ್ಳುತ್ತೇವೆ.

ಬೈಪಾಸ್ ಬಂದ ಮೇಲೆ ಈ ಸಾಲಿನ ವ್ಯಾಪಾರಕ್ಕೆ ಪೆಟ್ಟು ಬಿದ್ದಿದೆ. ಮೊದಲು ಮೈಸೂರಿಗೆ ಹೋಗುವ ಕಾರು, ಟೆಂಪೋ ಎಲ್ಲ ಇಲ್ಲೇ ನಿಲ್ಲುತ್ತಿದ್ದವು. ಈಗ ಮೇಲೆ ಹಾದುಹೋಗುವವರಿಗೆ ಬಿಡದಿ ಒಂದು ಹಸಿರು ಬೋರ್ಡ್ ಮಾತ್ರ. ಚನ್ನಪಟ್ಟಣದ ಬೊಂಬೆ ಅಂಗಡಿಗಳು, ಮದ್ದೂರಿನ ವಡೆ ಅಂಗಡಿಗಳು, ಎಲ್ಲರದೂ ಇದೇ ಮಾತು. "ವಾರದ ದಿನ ಊರಿನವರು, ಭಾನುವಾರ ನೀವು ಬೈಕ್‌ನೋರು" ಅಂದರು ಗಲ್ಲಾದಲ್ಲಿ ಕೂತವರು. ಅವರು ಅದನ್ನು ದೂರು ಹೇಳುವ ದನಿಯಲ್ಲಿ ಹೇಳಲಿಲ್ಲ, ಲೆಕ್ಕ ಹೇಳುವ ದನಿಯಲ್ಲಿ ಹೇಳಿದರು. ನನಗೆ ಮಾತ್ರ ಅದು ಮನಸ್ಸಿಗೆ ತಾಗಿತು. ನಾವು ಇಲ್ಲಿ ನಿಲ್ಲುವುದು ಬರೀ ನಮ್ಮ ಖುಷಿಗೆ ಅಂದುಕೊಂಡಿದ್ದೆವು. ಇಡೀ ರಾತ್ರಿ ಹಿಟ್ಟಿಗೆ ಕಂಬಳಿ ಹೊದಿಸಿ ಕಾದವರು ಭಾನುವಾರದ ಲೆಕ್ಕದಲ್ಲಿ ನಮ್ಮನ್ನು ಸೇರಿಸಿಕೊಂಡಿದ್ದಾರೆ. ಹಾಗಾಗಿ ಐವತ್ತು ಜನ ಒಟ್ಟಿಗೆ ನುಗ್ಗಿ ಒಂದೇ ಹೋಟೆಲಿನಲ್ಲಿ ಗದ್ದಲ ಎಬ್ಬಿಸುವುದಕ್ಕಿಂತ ನಾಲ್ಕೈದು ಜನರ ಗುಂಪಾಗಿ ಬನ್ನಿ, ಬೇರೆ ಬೇರೆ ಅಂಗಡಿಯಲ್ಲಿ ಕೂರಿ. ಇಡ್ಲಿಯೂ ಬಿಸಿಯಾಗಿ ಸಿಗುತ್ತದೆ. ಹಾಗೇ ಸೈಲೆನ್ಸರ್ ಬದಲಾಯಿಸಿಕೊಂಡು ಊರೊಳಗೆ ಪಟಪಟ ಅನ್ನಿಸುವವರು ಸ್ವಲ್ಪ ಯೋಚನೆ ಮಾಡಿ. ಆ ಹೊತ್ತಿಗೆ ಮನೆಗಳಲ್ಲಿ ಮಕ್ಕಳು ಮಲಗಿರುತ್ತವೆ.

ಇಡ್ಲಿ ಮುಗಿದು ಎಂಟು ಗಂಟೆಯೊಳಗೆ ಗಾಡಿ ಹತ್ತಿದರೆ ಮುಂದಕ್ಕೆ ಹೋಗಬಹುದು. ರಾಮನಗರದ ಬಂಡೆಗಳು ಬಿಡದಿ ದಾಟಿದ ಸ್ವಲ್ಪ ಹೊತ್ತಿಗೇ ಕಾಣಲು ಶುರುವಾಗುತ್ತವೆ. ಬೆಳಗಿನ ಬಿಸಿಲು ಪಕ್ಕದಿಂದ ಬಿದ್ದಾಗ ಆ ಬೆಟ್ಟಗಳಿಗೆ ಒಂದು ಕಿತ್ತಳೆ ಬಣ್ಣ ಬರುತ್ತದೆ. ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಅಭಯಾರಣ್ಯ ಮಾಡಿದ್ದಾರೆ, ಹಾಗಾಗಿ ಅಲ್ಲಿಗೆ ಹೋಗುವವರು ಸದ್ದು ಮಾಡದೆ ಹೋಗಿ ಬನ್ನಿ. ರಾಮನಗರ ರೇಷ್ಮೆಗೂಡಿನ ಊರು. ಗೂಡು ತುಂಬಿದ ಚೀಲಗಳನ್ನು ಹಿಂದೆ ಕಟ್ಟಿಕೊಂಡ ಬೈಕುಗಳು ಎದುರಾಗುತ್ತವೆ. ಹಗುರ ಸರಕು, ಆದರೆ ಅಗಲ. ಹಿಂದಿಕ್ಕುವಾಗ ದೂರ ಬಿಡಿ.

ಊರು ದಾಟಿದ ಮೇಲೆ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು. ರಾಗಿ ಬೀಸುವ ಕಲ್ಲಿನಿಂದ ಹಿಡಿದು ತೊಗಲುಗೊಂಬೆಯವರೆಗೆ ಹಳ್ಳಿಯ ಬದುಕಿನ ಸಾಮಾನನ್ನೆಲ್ಲ ಒಂದು ಕಡೆ ತಂದು ಇಟ್ಟಿದ್ದಾರೆ. ಅದರ ಪಕ್ಕದಲ್ಲೇ ಕಾಮತ್ ಲೋಕರುಚಿ ಇದೆ. ಮನೆಯವರನ್ನು, ವಯಸ್ಸಾದವರನ್ನು ಕರೆದುಕೊಂಡು ಕಾರಿನಲ್ಲಿ ಬರುವ ದಿನ ನಾನು ಅಲ್ಲಿಗೇ ಹೋಗುತ್ತೇನೆ. ಮರದ ನೆರಳಿದೆ, ಗಾಡಿ ನಿಲ್ಲಿಸಲು ಜಾಗ ಧಾರಾಳ, ಮಧ್ಯಾಹ್ನಕ್ಕೆ ಜೋಳದ ರೊಟ್ಟಿ ಊಟ. ಅದು ನಿಧಾನವಾಗಿ ಕೂತು ಉಣ್ಣುವ ಜಾಗ, ತಿಂಡಿ ರೈಡ್‌ಗೆ ಬೇರೆಯದೇ ಲಯ ಬೇಕು.

ಚನ್ನಪಟ್ಟಣದಲ್ಲಿ ನಾವು ನಿಲ್ಲುವುದು ಕಡಿಮೆ. ನಿಂತರೆ ಯಾರದಾದರೂ ಮಗುವಿಗೆ ಒಂದು ಬುಗುರಿಯೋ ಗಿಲಕಿಯೋ. ಹಾಲೆ ಮರದಲ್ಲಿ ಮಾಡಿ ಅರಗಿನ ಬಣ್ಣ ಹಚ್ಚಿದ್ದು ಹೌದಾ ಅಂತ ಕೇಳಿ ತೆಗೆದುಕೊಳ್ಳಿ. ಪ್ಲಾಸ್ಟಿಕ್ ಆಟದ ಸಾಮಾನೂ ಈಗ ಅದರ ಪಕ್ಕದಲ್ಲೇ ಇರುತ್ತದೆ.

ಮದ್ದೂರು ಬೆಂಗಳೂರಿನಿಂದ ಸುಮಾರು 80 ಕಿ.ಮೀ. ಎಕ್ಸ್‌ಪ್ರೆಸ್‌ವೇ ಊರಿನ ಮೇಲೆ ಹಾದುಹೋಗುತ್ತದೆ, ನಾವು ಕೆಳಗಿನ ರಸ್ತೆ. ಅಲ್ಲಿಗೆ ಬರುವಷ್ಟರಲ್ಲಿ ಇಡ್ಲಿ ಅರ್ಧ ಕರಗಿರುತ್ತದೆ, ಒಂದು ವಡೆಗೆ ಹೊಟ್ಟೆಯಲ್ಲಿ ಜಾಗ ಆಗಿರುತ್ತದೆ. ಮದ್ದೂರು ವಡೆ ಹುಟ್ಟಿದ್ದು ರೈಲ್ವೆ ಸ್ಟೇಷನ್ನಿನಲ್ಲಿ, 1917ರಲ್ಲಿ. ಸ್ಟೇಷನ್ನಿನ ಉಪಾಹಾರ ಗೃಹ ನಡೆಸುತ್ತಿದ್ದ ರಾಮಚಂದ್ರ ಬುಧ್ಯ ಅವರು ಪಕೋಡ ಮಾಡುತ್ತಿದ್ದರಂತೆ. ಒಂದು ದಿನ ರೈಲು ಹೊತ್ತಿಗೆ ಮುಂಚೆ ಬಂದುಬಿಟ್ಟಿತು. ಪಕೋಡ ಉಂಡೆ ಬೇಯುವುದಕ್ಕೆ ಹೊತ್ತು ಹಿಡಿಯುತ್ತದೆ ಅಂತ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರು ಅಂತ ಹೇಳುತ್ತಾರೆ. ಅಡುಗೆ ಮಾಡಿದವರಿಗೆ ಈ ಕಥೆ ನಂಬುವ ಹಾಗೇ ಇದೆ. ತೆಳುವಾದದ್ದು ಬೇಗ ಬೇಯುತ್ತದೆ.

ಒಳ್ಳೆಯ ಮದ್ದೂರು ವಡೆ ಅಂದರೆ ನನ್ನ ಲೆಕ್ಕದಲ್ಲಿ ಇದು. ಅಂಚು ಮುರಿದರೆ ಕಟ್ ಅನ್ನಬೇಕು, ನಡುಭಾಗ ಸ್ವಲ್ಪ ಬಾಗಬೇಕು. ಈರುಳ್ಳಿ ಉದ್ದಕ್ಕೆ ತೆಳ್ಳಗೆ ಹೆಚ್ಚಿರಬೇಕು, ಅದು ಕಂದು ಬಣ್ಣಕ್ಕೆ ತಿರುಗಿ ಸಿಹಿ ಬಿಟ್ಟಿರಬೇಕು. ಹಿಟ್ಟು ಅಕ್ಕಿ, ಚಿರೋಟಿ ರವೆ, ಮೈದಾ ಮೂರೂ ಸೇರಿದ್ದು. ಕಾಯಿಸಿದ ಎಣ್ಣೆಯನ್ನೋ ಬೆಣ್ಣೆಯನ್ನೋ ಹಿಟ್ಟಿಗೆ ತಿಕ್ಕಿ ಕಲಸಿರುತ್ತಾರೆ, ಗರಿಗರಿ ಬರುವುದು ಅದರಿಂದ. ಉರಿ ಜೋರಾದರೆ ಹೊರಗೆ ಕಪ್ಪು, ಒಳಗೆ ಹಸಿ. ಸಣ್ಣ ಉರಿಯಲ್ಲೇ ಬೇಯಬೇಕು. ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟದ್ದನ್ನು ತೋರಿಸಿ ಬಿಸಿ ಇದೆ ಅಂದರೆ ನಂಬಬೇಡಿ. ಮುಂದಿನ ಸುತ್ತು ಎಷ್ಟು ಹೊತ್ತಿಗೆ ಅಂತ ಕೇಳಿ. ಇದು ಮಾತ್ರ ಇಡ್ಲಿಯ ಹಾಗಲ್ಲ, ತಣ್ಣಗಾದರೂ ಕೆಡುವುದಿಲ್ಲ, ಮನೆಗೆ ಪಾರ್ಸೆಲ್ ತರಬಹುದು. ಪೇಪರಿನಲ್ಲಿ ಕಟ್ಟಿಸಿಕೊಳ್ಳಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರೆ ಬಿಡದಿ ಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ. ನಮ್ಮಮ್ಮ ಅದನ್ನು ಸಂಜೆ ಕಾವಲಿಯ ಮೇಲೆ ಎರಡೂ ಕಡೆ ಬಿಸಿ ಮಾಡಿ ಕಾಫಿ ಜೊತೆ ತಿನ್ನುತ್ತಾರೆ.

ಮದ್ದೂರಿನಲ್ಲಿ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಊರಿನ ಎಳನೀರು ಮಾರುಕಟ್ಟೆ ದೊಡ್ಡದು, ಇಲ್ಲಿಂದ ದೂರದ ಊರುಗಳಿಗೆ ಲಾರಿಗಟ್ಟಲೆ ಹೋಗುತ್ತದೆ. ರಸ್ತೆ ಬದಿಯಲ್ಲೇ ಒಳ್ಳೆಯದು ಸಿಗುತ್ತದೆ. ವಡೆಯ ಎಣ್ಣೆ ಇಳಿಯಲು ಅದೇ ಮದ್ದು. ಕುಡಿದು ಪುರುಸೊತ್ತಿದ್ದರೆ ಪಕ್ಕದ ಶಿವಪುರದ ಸತ್ಯಾಗ್ರಹ ಸೌಧಕ್ಕೂ ಹೋಗಿ ಬನ್ನಿ. 1938ರ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದ ಕಾಂಗ್ರೆಸ್ಸಿನವರು ನಿಷೇಧ ಮುರಿದು ಧ್ವಜ ಹಾರಿಸಿದ ಜಾಗ ಅದು. ಯೆಜ್ಡಿ ಸಾರ್ ಪಾಠ ಮಾಡಿದವರಲ್ವಾ, ಪಲ್ಸರ್ ಹುಡುಗನನ್ನು ಅಲ್ಲಿ ನಿಲ್ಲಿಸಿಕೊಂಡು ಇಡೀ ಕಥೆ ಹೇಳಿದರು. ಅವನು ಗಮನ ಇಟ್ಟು ಕೇಳಿದ.

ವಾಪಸ್ ಬರುವ ದಾರಿಗೆ ಎರಡು ಎಚ್ಚರಿಕೆ. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವವರು ಇದ್ದೇ ಇರುತ್ತಾರೆ. ದೂರ ಹೋಗಿ ತಿರುಗಿಸಿಕೊಂಡು ಬರಲು ಬೇಜಾರು ಪಟ್ಟು ತಪ್ಪು ದಿಕ್ಕಿನಲ್ಲಿ ಬರುತ್ತಾರೆ. ಎಡ ಅಂಚಿಗೆ ಅಂಟಿಕೊಂಡು ಹೋಗಬೇಡಿ, ರಸ್ತೆಯ ನಡುವಿಗೆ ಸ್ವಲ್ಪ ಹತ್ತಿರ ಇರಿ, ಬ್ರೇಕ್ ಮೇಲೆ ಎರಡು ಬೆರಳು ಇರಲಿ. ಎರಡನೆಯದು ಹಂಪ್. ಹಳ್ಳಿ ಬಂದ ಕಡೆಯೆಲ್ಲ ಹಂಪ್ ಇವೆ, ಎಷ್ಟೋ ಕಡೆ ಬಣ್ಣ ಹಚ್ಚಿಲ್ಲ. ಬಸ್ ಶೆಲ್ಟರ್ ಅಥವಾ ಶಾಲೆ ಕಂಡರೆ ಮುಂದೆ ಹಂಪ್ ಇದೆ ಅಂತಲೇ ತಿಳಿದು ನಿಧಾನ ಮಾಡಿ. ಹತ್ತೂವರೆ ಮೇಲೆ ಕುಂಬಳಗೋಡಿನಿಂದ ಈಚೆ ಟ್ರಾಫಿಕ್ ಕಟ್ಟಿಕೊಳ್ಳುತ್ತದೆ, ಜಾಕೆಟ್ ಒಳಗೆ ಬೆವರು. ಅದಕ್ಕೇ ಮದ್ದೂರಿನಿಂದ ಒಂಬತ್ತೂವರೆಗೆ ಹೊರಟುಬಿಡುವುದು ನಮ್ಮ ಗುಂಪಿನ ನಿಯಮ.

ಮೊದಲ ಸಲ ಹೋಗುವವರು ಮದ್ದೂರಿನವರೆಗೆ ಹೋಗಲೇಬೇಕು ಅಂತೇನಿಲ್ಲ. ಬಿಡದಿಗೆ ಹೋಗಿ, ತಿಂದು, ವಾಪಸ್ ಬನ್ನಿ. ಒಂದು ಟ್ಯಾಂಕಿನ ಕಾಲು ಭಾಗ ಪೆಟ್ರೋಲೂ ಬೇಡ. ಒಂಬತ್ತು ಗಂಟೆಗೆ ಮನೆಯಲ್ಲಿ ಇರುತ್ತೀರಿ. ಮನೆಯವರಿಗೆ ಅಂತ ಇಡ್ಲಿ ಮಾತ್ರ ಕಟ್ಟಿಸಿಕೊಂಡು ಬರಬೇಡಿ, ಮುಂದಿನ ವಾರ ಅವರನ್ನೇ ಹಿಂದೆ ಕೂರಿಸಿಕೊಂಡು ಹೋಗಿ.